ಅರ್ಧ ಬೀಜದ ಸಸಿ

ತೊಂಬತ್ತೊಂದರ ಮುಂಗಾರು. ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಯಶೋದ, ಹತ್ತಿಯ ಹೊಸ ತಳಿ ಬೆಳೆಸುವ ತೋಟದಲ್ಲಿ ಕೆಲಸಕ್ಕಿರುವವಳು. ಜೊತೆಗೆ ಅವಳ ಚಿಕ್ಕವ್ವ ಸಾಕಮ್ಮ. ಯಶೋದಳ ಮಡಿಲಲ್ಲಿ ಹಾಲಿನಪುಡಿಯ ಹಳೇ ಡಬ್ಬಿ, ಅದರ ಮಣ್ಣಿನಲ್ಲಿ, ಹನೂರಿನ ಕಡೆ ನೆಡಲು ಒಯ್ಯುತ್ತಿದ್ದ ಎರಡೆಲೆಯ ಸಸಿ.

“ಅತ್ತಿ ಸಸಿಯ ಯಾಕಮ್ಮಿ ಇಂಗೆ ತಬ್ಕಂಡಿದ್ದೀಯೆ?”

“ಇದು ಅರ್ಧ ಬೀಜದಲ್ಲಿ ಉಟ್ಟಿರದು, ಚಿಕ್ಕವ್ವ.”

“ಕುಯ್ದ ಬೀಜ ಉಟ್ತದಾ? ಸುಮ್ನಿರು.”

“ನಾನೇ ಬ್ಲೇಡಲ್ಲಿ ಕುಯ್ದೆ. ದಪ್ಪ ಇರೋ ಕಡೆ ಎಣ್ಣೆ ನೋಡಕೆ ಓಯ್ತು. ಚೂಪಿರೋ ಕಡೆಲಿ ಬೇರು ಬತ್ತದೆ, ಅದ ಮಣ್ಣಿಗೆ ಆಕುದ್ವಿ.”

“ಎಣ್ಣೆಲಿ ಏನ್ ನೋಡ್ತಾರೆ?”

“ಅತ್ತಿಬೀಜ ಕುಯ್ದ್ರೆ ಒಳಗೆ ಕರೀ ಚುಕ್ಕಿ ಕಾಣಲ್ವಾ, ಅದು ಇಸ. ಎಣ್ಣೆಗೂ ಸೇರ್ಕತದೆ.”

“ನಮ್ಮೆಮ್ಮೆ ದಿನಾ ತಿಂತದಲ್ಲ!”

“ಎಮ್ಮೆ ತಡ್ಕತದೆ, ನಮಗಾಗಲ್ಲ. ತೋಟದ ಬೀಜನೆಲ್ಲ ಕುಯ್ದು ನೋಡುದ್ವಿ. ಚುಕ್ಕಿ ಇಲ್ದೇ ಇದ್ದದ್ದು ಇದೊಂದೇಯ. ಕೊಬ್ರಿಯಂಗೆ ಬೆಳ್ಳಗಿತ್ತು. ಎಣ್ಣೆನೂ ಜಾಸ್ತಿ ಅಂತೆ.”

“ಇದು ಒಣಗೋದ್ರೆ?”

“ಇನ್ನೊಂದಿಲ್ಲ.”

ಸಾಕಮ್ಮ ಎಲೆ ಮುಟ್ಟಲು ಚಾಚಿದ ಬೆರಳನ್ನು ಹಿಂದಕ್ಕೆಳೆದುಕೊಂಡಳು.

“ಅರ್ಧವ ಕೊಟ್ಬುಟ್ಟು, ಉಳಿದ ಅರ್ಧದಲ್ಲೇ ಎದ್ದದಲ್ಲಮ್ಮಿ. ಏನ್ ಜೀವವೋ, ಮಾದಪ್ಪಾ!”

ಬಸ್ಸು ಬಂತು. ಇದ್ದಬದ್ದ ಜನರೆಲ್ಲ ಬಾಗಿಲಿಗೆ ನುಗ್ಗಿದರು. ಸಾಕಮ್ಮ ಡಬ್ಬಿಯನ್ನು ತಾನೇ ತೆಗೆದುಕೊಂಡು, ಸೆರಗು ಮುಚ್ಚಿ, ಎದೆಗೆ ಅವಚಿ ಹಿಡಿದು ಕೂಗಿದಳು:

“ದಾರಿ ಬುಡ್ರಪ್ಪಾ, ಎಳೇ ಕೂಸದೆ!”

ಜನ ದಾರಿ ಬಿಟ್ಟರು. ಎಲ್ಲ ಕೇಳಿಸಿಕೊಂಡಿದ್ದ ನಾನೂ ಸರಿದು ನಿಂತೆ.