ಬಿಡಿಸಲಾರದ ಬೆರಳು

ನಗಬೇಡಕ್ಕ. ತಮಾಷೆ ಮಾಡ್ತಿಲ್ಲ ನಾನು. ವ್ಯಾನ್ ಓಡಿಸೋನ ಬಲಗೈ ಇದು, ನೋಡು ಹೇಗೆ ಜೋತು ಬಿದ್ದಿದೆ... ಎತ್ತು ಅಂದ್ರೆ ಎತ್ತಲ್ಲ. ನನ್ನ ಕೈ, ನನ್ನ ಮಾತೇ ಕೇಳಲ್ಲ.

ಇಲ್ಲ, ಮೂಳೆ ಮುರಿದಿಲ್ಲ. ನರವಂತೆ. ಮಧ್ಯಾಹ್ನ ಡಾಕ್ಟರು ಹೇಳಿದ್ರು. ಕಂಕುಳಿಂದ ಹೊರಟು, ತೋಳಿನ ಹಿಂದುಗಡೆ ಮೂಳೆಗೆ ಬಳ್ಳಿ ಹಾಗೆ ಸುತ್ತಿಕೊಂಡು ಕೆಳಗಿಳಿಯುತ್ತಂತೆ. ಮಣಿಕಟ್ಟು ಎತ್ತೋದು, ಬೆರಳು ಬಿಡಿಸೋದು, ಎಲ್ಲಾ ಅದರದೇ ಕೆಲಸ. ಮೊಣಕೈ ನೋಡು, ನೆಟ್ಟಗಾಗುತ್ತೆ. ಅದಕ್ಕೆ ಹೋಗೋ ಕವಲು ಮೇಲೇ ಒಡೆದಿರುತ್ತಂತೆ, ಅದು ಬಚಾವಾಯ್ತು. ಇಲ್ಲಿ, ಹೆಬ್ಬೆರಳ ಹಿಂದೆ ಚಿವುಟು... ಇನ್ನೂ ಜೋರಾಗಿ. ಚಿವುಟಿದ್ಯಾ? ಗೊತ್ತೇ ಆಗ್ಲಿಲ್ಲ.

ಅಮ್ಮನ ವಾರ್ಡಿನಲ್ಲಿ ಆ ಮರದ ಕುರ್ಚಿ ಇಲ್ವಾ? ನಿನ್ನೆ ನಿನ್ನ ಸರದಿಯೂ ನಾನೇ ಕೂತಿದ್ದೆನಲ್ಲ. ಕುರ್ಚಿ ಬೆನ್ನಿನ ಮೇಲೆ ತೋಳು ಇಳಿಬಿಟ್ಟು ನಿದ್ದೆ ಹೋಗಿಬಿಟ್ಟೆ. ಎದ್ದಾಗ ಕೈ ಹೀಗೆ. ನರ ಅದುಮಿಹೋಗಿದೆ ಅಷ್ಟೇ, ತುಂಡಾಗಿಲ್ಲ, ವಾಸಿಯಾಗುತ್ತೆ ಅಂದ್ರು. ವಾರಗಟ್ಟಲೆ ಹಿಡೀಬಹುದು, ತಿಂಗಳೂ ಹಿಡೀಬಹುದು. ಆಗದೇ ಹೋದ್ರೆ? ಸ್ಟೀರಿಂಗ್ ಬಿಟ್ರೆ ನಂಗೆ ಇನ್ನೇನು ಬರುತ್ತಕ್ಕ...

ಮಕ್ಕಳನ್ನ ಶಾಲೆಗೆ ಯಾರು ಬಿಡ್ತಾರೆ ಅಂತಾನಾ? ಬೇರೆಯವನು ಬರ್ತಾನೆ. ನಾಳೆಯಿಂದ.

ಇವತ್ತಾ? ಇವತ್ತು... ಪಕ್ಕದ ವ್ಯಾನಿನವನು ಓಡಿಸಿದ. ಯಾಕೆ ಹಾಗೆ ನೋಡ್ತೀಯಾ? ಓಡಿಸಿದ ಅಂದೆನಲ್ಲ. ಸಂಜೆ ಅವನೇ ತಾನೇ ತನ್ನ ವ್ಯಾನಲ್ಲಿ ನಿನ್ನ ಮಗಳನ್ನ ಬಾಗಿಲಿಗೆ ತಂದು ಬಿಟ್ಟಿದ್ದು?

ಮಾತಾಡಕ್ಕ. ಬೇಕಾದ್ರೆ ಬೈಯಿ.

...ಹೇಳಿಬಿಟ್ಲಾ ಅವಳು?

ಬೆಳಿಗ್ಗೆ ಕೂಡ ಅವನನ್ನೇ ಕರೀಬೇಕಿತ್ತು. ಜೋಮು ಹಿಡಿದಿರಬೇಕು, ಬಿಡುತ್ತೆ ಅಂದ್ಕೊಂಡೆ. ಕೈ ಬಿದ್ದೋಯ್ತು ಅಂತ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅನ್ನೋ ಭಯ. ಕಾಲುವೆ ತಿರುವಿನಲ್ಲಿ ಹಿಡಿತ ತಪ್ಪಿಹೋಯ್ತು. ಎಡಗೈಲಿ ಎಳೆದೆ, ಮೊಣಕಾಲು ಕೊಟ್ಟು ಒತ್ತಿದೆ, ಬ್ರೇಕ್ ತುಳಿದೆ. ಮುಂದಿನ ಚಕ್ರ ಅಂಚಿನಲ್ಲಿ ನಿಂತ್ಕೊಂಡ್ತು. ಮಕ್ಕಳು ಆಟ ಅಂದ್ಕೊಂಡು ಕೇಕೆ ಹಾಕಿದ್ವು. ನಿನ್ನ ಮಗಳು ಒಬ್ಬಳೇ ನನ್ನ ಕೈಯನ್ನ ನೋಡ್ತಾ ಕೂತಿದ್ಲು. "ಮಾಮ, ಅಮ್ಮಂಗೆ ಹೇಳಲ್ಲ" ಅಂದ್ಲು. ಈಗ ನೋಡಿದ್ರೆ...

ಯಾಕಕ್ಕ ತಲೆ ಆಡಿಸ್ತೀಯಾ?

ಹೇಳಿಲ್ವಾ?

ನಿಂಗೆ... ಗೊತ್ತೇ ಇರ್ಲಿಲ್ವಾ?

ಎಲ್ಲಿಗೆ ಎದ್ದೆ? ಅವಳನ್ನ ಎಬ್ಬಿಸಬೇಡ, ಪಾಪ. ಏನು, ವ್ಯಾನ್ ಕೀ ಕೊಡಬೇಕಾ? ಕೊಡ್ತೀನಿ, ಈ ಕೈಲೇ ಇದೆ. ಬೆಳಿಗ್ಗೆ ವ್ಯಾನ್ ನಿಲ್ಲಿಸಿದಾಗಿಂದ ಹಿಡ್ಕೊಂಡೇ ಇದೀನಿ... ಬಿಡೋಕೆ ಆಗ್ತಿಲ್ಲಕ್ಕ. ಒಂದೊಂದೇ ಬೆರಳು ನೀನೇ ಬಿಡಿಸ್ಕೋ.