ಗಾಜಿನ ಪೆಟ್ಟಿಗೆಯ ತಕ್ಕಡಿ

ಚನ್ನಗಿರಿ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ತಕ್ಕಡಿ ರಿಪೇರಿ ಮಾಡುವ ಬೀರಲಿಂಗಪ್ಪ ಕೂತಿದ್ದ. ಕಾಲೇಜಿಗೆ ಹೊರಟಿದ್ದ ಅವನ ಮಗಳು ರಕ್ಷಾ ಅವನ ಮುಂದೆ ಒಂದು ಅರ್ಜಿ ಹಿಡಿದಳು.

"ಸಹಿ ಹಾಕಪ್ಪ. ಫಿಸಿಕ್ಸ್ ಬಿಡ್ತೀನಿ."

"ಯಾಕವ್ವ? ಹಟ ಮಾಡಿ ತಗಂಡಿದ್ದು ನೀನೇ ಅಲ್ಲೇನು?"

"ಗಣಿತ ಮೇಜರ್ ಐತೆ, ಸಾಕು. ಇದು ಬರೀ ಮೈನರ್. ಲ್ಯಾಬಿನಾಗೆ ಎಲ್ಲಾರೂ ಹಳೇ ರೆಕಾರ್ಡ್ ನೋಡಿ ಬರೆದ್ರು. ನಾನು ತೂಗಿ ಬರೆದೆ, ನಂದೇ ತಪ್ಪಾತು. ನಕ್ಕರು."

"ಯಾತರಾಗೆ ತೂಗಿದಿ?"

"ಎರಡು ತಟ್ಟೆ ತಕ್ಕಡೀಲಿ. ಗಾಜಿನ ಪೆಟ್ಟಿಗೆಯಾಗೆ ಇಟ್ಟಾರೆ."

"ಎಡಗಡೆದು ಬಲಗಡೆ ಇಟ್ಟು ಇನ್ನೊಂದು ಸಲ ತೂಗಿದ್ಯಾ?"

"ಇಲ್ಲ."

"ನಮ್ಮ ಅಂಗಡ್ಯಾಗೆ ಬೆಳೆದೋಳು, ಕಡೆ ಬದಲಿಸಿ ನೋಡದೆ ತಕ್ಕಡಿ ನಂಬಿದ್ಯಾ?"

"ಕಾಲೇಜಿಂದು ಅಲ್ವಾ, ಸರಿ ಇರ್ತೈತೆ ಅನ್ಕಂಡೆ."

"ಗಾಜಿನಾಗೆ ಇಟ್ಟರೆ ತಕ್ಕಡಿ ದೇವರಾಗ್ತೈತೇನು?"

ರಕ್ಷಾ ನಕ್ಕಳು. ಶಿವಮೊಗ್ಗದ ಬಸ್ಸು ಬಂದು ನಿಂತಿತು.

"ಅಪ್ಪ, ಎರಡು ಕಡೆಗೂ ಬೇರೆ ಬೇರೆ ಬಂದ್ರೆ, ನಿಜವಾದ ತೂಕ ಯಾವುದು?"

"ಅದು ನಂಗೂ ಗೊತ್ತಿಲ್ಲವ್ವ. ನಾನು ತಕ್ಕಡಿ ಸರಿ ಮಾಡ್ತೀನಿ ಅಷ್ಟೇ. ನಿಜ ಎಷ್ಟು ಅಂತ ನಿಮ್ಮ ಮೇಷ್ಟ್ರನ್ನ ಕೇಳಿ, ಸಂಜೆ ನಂಗೂ ಹೇಳು."

ಸಹಿಯಿಲ್ಲದ ಅರ್ಜಿಯನ್ನು ಅಪ್ಪನ ಜೇಬಿಗೆ ತುರುಕಿ ರಕ್ಷಾ ಬಸ್ಸು ಹತ್ತಿದಳು.