ಎರಡು ಬೈ ಐದು

ಶಾಲೆಯ ಸ್ಟಾಫ್ ರೂಮಿನ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು.

"ಹೊಸ ಲೆಕ್ಕದ ಮೇಷ್ಟ್ರ ಮೇಲೆ ನಂಗ್ಯಾಕೋ ಅನುಮಾನ ಅಕ್ಕ," ಎಂದಳು ತಂಗಿ. "ಒಂದು ಬೈ ಎರಡಕ್ಕೆ ಒಂದು ಬೈ ಮೂರು ಕೂಡಿಸು ಅಂದ್ರೆ, ನನ್ ಮಗಳು ಎರಡು ಬೈ ಐದು ಅಂತ ತಪ್ಪು ಹೇಳಿದ್ಲಂತೆ."

"ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು. ಪುಸ್ತಕಾನೂ ನೋಡ್ದೆ, 'ಮೇಲಿಂದು ಮೇಲಿಂದಕ್ಕೆ, ಕೆಳಗಿಂದು ಕೆಳಗಿಂದಕ್ಕೆ ಕೂಡಿಸಿದ್ಯಲ್ವಾ' ಅಂದ್ರಂತೆ. ಅದ್ಹೇಗೆ ಗೊತ್ತಾಯ್ತು?"

"ಮೇಷ್ಟ್ರಲ್ವೇನೇ, ಗೊತ್ತಿರುತ್ತೆ."

"ಹಳೇ ಮೇಷ್ಟ್ರು ಚಿನ್ನದ ಪದಕದೋರು. ಅವ್ರಿಗೆ ಸರಿ ಉತ್ತರ ಬಿಟ್ರೆ ಬೇರೇನೂ ಗೊತ್ತಿರ್ಲಿಲ್ಲ. ಇವ್ರಿಗೆ ತಪ್ಪೆಲ್ಲಾ ಬಾಯಿಪಾಠ!"

"ನೀನು ಮಾಡಿ ನೋಡಿದ್ಯಾ?"

"ನೋಡ್ದೆ."

"ಎಷ್ಟು ಬಂತು?"

ತಂಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಎರಡು ಬೈ ಐದು."

ಒಳಗಿಂದ ಕರೆದರು.

"ಅಕ್ಕ, ನೀನೇ ಮುಂದೆ ನಡಿ. ಮುಖ ನೋಡೇ ಕಂಡುಹಿಡಿದುಬಿಟ್ಟಾರು."